ಎರಡು ಜನ್ಮದ ಮೋಟಾರು

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತ್ಯದ ಒಂದು ಊರು ಎಂದಿಟ್ಟುಕೊಳ್ಳಿ. ಯಾರದೋ ಮನೆಯ ಹಿಂದಿನ ಷೆಡ್ಡಿನಲ್ಲಿ ಹದಿನೈದಿಪ್ಪತ್ತು ವರ್ಷಗಳಿಂದ ಒಂದು ಕಾರು ನಿಂತಿದೆ. ಹೊದಿಸಿದ್ದ ಟಾರ್ಪಾಲು ಹರಿದು ಚಿಂದಿಯಾಗಿದೆ. ಚಕ್ರಗಳ ಗಾಳಿ ಇಳಿದಿದೆ. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿವೆ. ಆದರೂ ಧೂಳು ಒರೆಸಿ ನೋಡಿದರೆ ಗಿಡ್ಡನೆಯ ಮುಂಗಾಜು, ಆಮೆಯ ಬೆನ್ನಿನಂತೆ ದುಂಡಗಿನ ಮೈ, ಮೂತಿಯ ಮೇಲೆ ‘ಪೋರ್ಷೆ’ ಎಂಬ ಹೆಸರು. ಯಜಮಾನ ತೀರಿಕೊಂಡಿದ್ದಾನೆ, ಮಕ್ಕಳು ಕಾರನ್ನು ಮಾರಬೇಕೆಂದಿದ್ದಾರೆ. ನೋಡಲು ಬಂದವನ ಎದೆ ಹೊಡೆದುಕೊಳ್ಳುತ್ತದೆ. 1950ರ ದಶಕದ ಪೋರ್ಷೆ ಸ್ಪೀಡ್‌ಸ್ಟರ್ ನಿಜವಾದದ್ದೇ ಆದರೆ ಅದರ ಬೆಲೆ ಇಂದು ಲಕ್ಷಗಟ್ಟಲೆ ಡಾಲರು!

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹೀಗೆ ಮೂಲೆ ಸೇರಿದ ಸ್ಪೀಡ್‌ಸ್ಟರು ಪ್ರತಿಕೃತಿಯಾಗಿರುವ ಸಂಭವವೇ ಹೆಚ್ಚು. ಹಾಗೆಂದ ಮಾತ್ರಕ್ಕೆ ಅದನ್ನು ಗುಜರಿಗೆ ಹಾಕಬೇಕೆಂದಲ್ಲ. ಅದರ ಹುಟ್ಟನ್ನು ಸರಿಯಾಗಿ ತಿಳಿದುಕೊಂಡವನ ಕೈಯಲ್ಲಿ ಅದು ಒಳ್ಳೆಯ ಕಾರೇ ಆದೀತು. ತಿಳಿಯದೆ ಬಣ್ಣ ಬಳಿದು ರಸ್ತೆಗೆ ಇಳಿಸಿದವನಿಗೆ ಪ್ರಾಣಕ್ಕೇ ಎರವಾದೀತು. ಆ ಹುಟ್ಟನ್ನು ಗುರುತಿಸುವುದು ಹೇಗೆ, ಮತ್ತೆ ಓಡುವಂತೆ ಮಾಡಲು ಯಾವ ಕ್ರಮ ಹಿಡಿಯಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು, ಕಿಟ್ ಕಾರು ಎಂದರೇನು? ಕಾರ್ಖಾನೆಯಿಂದ ಪೂರ್ತಿಯಾಗಿ ಬರುವ ಕಾರಲ್ಲ. ಬಿಡಿಬಿಡಿಯಾಗಿ ಬರುವ ಸಾಮಗ್ರಿ. ಕೊಂಡವನು ತಾನೇ ಮನೆಯಲ್ಲಿ ಜೋಡಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಇದಕ್ಕೆ ಒಂದು ಕಾರಣ ತೆರಿಗೆ. ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡರೆ ಅದು ಉಳಿಯುತ್ತಿತ್ತು. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಹೀಗೆಯೇ ಬಹಳ ಮನೆಗಳನ್ನು ಸೇರಿತು. 1973ರಲ್ಲಿ ಹೊಸ ತೆರಿಗೆ ಪದ್ಧತಿ ಬಂದು ಆ ಲಾಭ ತಪ್ಪಿತು.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಆಧಾರವಾದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯ ಬೀಟಲ್ ತಯಾರಾಗುವ ಹೊತ್ತಿಗೆ ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಿದ್ದಿದ್ದವು. ಹಳೆಯ ಬೀಟಲ್ ಎಲ್ಲಿ ಬೇಕಾದರೂ ಅಗ್ಗವಾಗಿ ಸಿಗುತ್ತಿತ್ತು. ಅದರ ರಚನೆಯೂ ವಿಶಿಷ್ಟವಾದದ್ದು. ಮೇಲಿನ ಮೈಯನ್ನು ಕೆಳಗಿನ ಉಕ್ಕಿನ ನೆಲಕ್ಕೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಬೋಲ್ಟು ಬಿಚ್ಚಿ ಮೈಯನ್ನು ಎತ್ತಿಟ್ಟರೆ ಉಳಿಯುವುದು ಚಕ್ರ, ಸ್ಟೀರಿಂಗು, ಎಂಜಿನ್ ಎಲ್ಲವೂ ಇರುವ ಒಂದು ಹಲಗೆ. ಅದರ ಮೇಲೆ ಬೇಕಾದ ಬೇರೆ ಮೈಯನ್ನು ಕೂರಿಸಬಹುದು. ದೋಣಿಗಳ ಕೆಲಸದಲ್ಲಿ ಗಾಜಿನ ನಾರಿನ ಮರ್ಮವನ್ನು ಅರಿತಿದ್ದ ಬ್ರೂಸ್ ಮೇಯರ್ಸ್ ಎಂಬಾತ 1964ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮರಳುದಿಬ್ಬಗಳ ಮೇಲೆ ಓಡುವ ಒಂದು ತೆರೆದ ಬಂಡಿಯನ್ನು ಕಟ್ಟಿದ. ಅವನ ದಾರಿಯಲ್ಲಿ ಅನೇಕರು ನಡೆದರು. ಎಂ.ಜಿ., ಬುಗಾಟಿ, ಪೋರ್ಷೆ ಮೊದಲಾದ ಪ್ರಸಿದ್ಧ ಕಾರುಗಳ ರೂಪದ ಮೈಗಳು ಅಚ್ಚಿನಿಂದ ಇಳಿಯತೊಡಗಿದವು.

ಪೋರ್ಷೆಯ ವಿಷಯದಲ್ಲಿ ಇದು ಬರಿಯ ವೇಷವಲ್ಲ, ರಕ್ತಸಂಬಂಧವೂ ಹೌದು. ಬೀಟಲ್ಲನ್ನು 1930ರ ದಶಕದಲ್ಲಿ ರೂಪಿಸಿದವರು ಫರ್ಡಿನಾಂಡ್ ಪೋರ್ಷೆ. ಅವರ ಮಗ ಫೆರಿ ಪೋರ್ಷೆ 1948ರಲ್ಲಿ ಆಸ್ಟ್ರಿಯದ ಗ್ಮುಂಡ್ ಎಂಬ ಊರಿನಲ್ಲಿ ತಮ್ಮ ಹೆಸರಿನ ಮೊದಲ ಕಾರಾದ 356ನ್ನು ಸಿದ್ಧಪಡಿಸಿದಾಗ ಬಳಸಿಕೊಂಡದ್ದೂ ಬೀಟಲ್ಲಿನ ಭಾಗಗಳನ್ನೇ. ಅದೇ ವಂಶದಲ್ಲಿ 1954ರಲ್ಲಿ ಬಂದದ್ದು ಸ್ಪೀಡ್‌ಸ್ಟರ್. ಅಮೆರಿಕದ ಗಿರಾಕಿಗಳಿಗೆ ಆಡಂಬರವಿಲ್ಲದ, ಅಗ್ಗದ ತೆರೆದ ಕಾರು ಬೇಕೆಂದು ನ್ಯೂಯಾರ್ಕಿನ ವರ್ತಕ ಮ್ಯಾಕ್ಸ್ ಹಾಫ್‌ಮನ್ ಒತ್ತಾಯಿಸಿದ್ದರಿಂದ ಅದು ಹುಟ್ಟಿತು. ಆಗಿನ ಬೆಲೆ 2,995 ಡಾಲರು.

ಇನ್ನು ಗುರುತಿಸುವ ಬಗೆ. ಮೊದಲನೆಯ ಪರೀಕ್ಷೆಗೆ ಬೇಕಾದದ್ದು ಒಂದು ಅಯಸ್ಕಾಂತ. ಬಣ್ಣ ಗೀರದಂತೆ ತೆಳುವಾದ ಬಟ್ಟೆಯಲ್ಲಿ ಸುತ್ತಿ ಮೈಗೆ ಹಿಡಿಯಿರಿ. ಮೂಲ ಸ್ಪೀಡ್‌ಸ್ಟರಿನ ಮೈ ಉಕ್ಕಿನದು, ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಪ್ರತಿಕೃತಿಯ ಮೈ ಗಾಜಿನ ನಾರು ಮತ್ತು ರಾಳದ್ದು, ಹಿಡಿಯುವುದಿಲ್ಲ. ಒಂದೇ ಕಡೆ ನೋಡಿ ತೀರ್ಮಾನಿಸಬಾರದು. ಉಕ್ಕಿನ ಮೈಗೆ ದಪ್ಪನಾಗಿ ಪುಟ್ಟಿ ಮೆತ್ತಿದ್ದರೂ ಅಯಸ್ಕಾಂತ ಜಾರುತ್ತದೆ. ಬಾಗಿಲು, ಬಾನೆಟ್ಟು, ಚಕ್ರದ ಮೇಲಿನ ರೆಕ್ಕೆ ಹೀಗೆ ಹತ್ತು ಕಡೆ ನೋಡಬೇಕು.

ಎರಡನೆಯದು ಅಳತೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಮೂಲ ಸ್ಪೀಡ್‌ಸ್ಟರಿನಲ್ಲಿ 2,100 ಮಿಲಿಮೀಟರು, ಬೀಟಲ್ಲಿನಲ್ಲಿ 2,400. ಆದ್ದರಿಂದ ಬೀಟಲ್ಲಿನ ನೆಲದ ಮೇಲೆ ಸ್ಪೀಡ್‌ಸ್ಟರಿನ ಮೈ ಸರಿಯಾಗಿ ಕೂರಬೇಕಾದರೆ ನೆಲವನ್ನು ಸುಮಾರು ಒಂದು ಅಡಿಯಷ್ಟು ಕತ್ತರಿಸಿ ಬೆಸೆಯಬೇಕು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದೇ ಮುಖ್ಯವಾಗುತ್ತದೆ. ಬ್ರಿಟನ್ನಿನ ಎಂ.ಜಿ. ಟಿ.ಡಿ. ಕಾರಿಗೆ ಈ ತೊಡಕಿಲ್ಲ. ಅದರ ಅಳತೆ 94 ಅಂಗುಲ, ಬೀಟಲ್ಲಿನದು ತೊಂಬತ್ತನಾಲ್ಕೂವರೆ. ಕತ್ತರಿಸದೆಯೇ ಮೈ ಕೂರುತ್ತದೆ. ಬೀಟಲ್ಲಿನ ಮೇಲೆ ಕಟ್ಟಿದ ಎಂ.ಜಿ.ಯನ್ನು ಗುರುತಿಸುವುದಂತೂ ಬಲು ಸುಲಭ. ಮುಂದೆ ರೇಡಿಯೇಟರಿನ ಜಾಲರಿ ಗಂಭೀರವಾಗಿ ನಿಂತಿರುತ್ತದೆ; ಹಿಂದೆ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಎಂಜಿನ್ ಇರುವುದು ಕಾರಿನ ಬೆನ್ನಿನಲ್ಲಿ, ಅದು ತಣಿಯುವುದು ಗಾಳಿಯಿಂದ.

ಮೂರನೆಯದು ಸಂಖ್ಯೆ. ಬೀಟಲ್ಲಿನ ನೆಲದ ನಡುವೆ ಬೆನ್ನೆಲುಬಿನಂತೆ ಉದ್ದಕ್ಕೂ ಒಂದು ಸುರಂಗವಿದೆ. ಹಿಂದಿನ ಸೀಟು ಇರಬೇಕಾದ ಜಾಗದಲ್ಲಿ, ಆ ಸುರಂಗದ ಮೇಲೆ ಚಾಸಿಸ್ ಸಂಖ್ಯೆಯನ್ನು ಒತ್ತಿರುತ್ತಾರೆ. ಚಾಪೆ ಎತ್ತಿ, ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಅಂಕಿಗಳು ಕಾಣುತ್ತವೆ. 1965ರಿಂದ 1969ರವರೆಗಿನ ಮಾದರಿಗಳಲ್ಲಿ ಒಂಬತ್ತು ಅಂಕಿಗಳು. ಮೂರನೆಯ ಅಂಕಿಯೇ ವರ್ಷ. 118 ಎಂದು ಮೊದಲಾದರೆ 1968ರ ಮಾದರಿಯ ಬೀಟಲ್. ಎಂಜಿನ್ನಿನ ಮೇಲೆ ಬೇರೆ ಸಂಖ್ಯೆಯುಂಟು. ಆದರೆ ಎಂಜಿನ್ನುಗಳನ್ನು ಬದಲಾಯಿಸುವುದು ಸಾಮಾನ್ಯವಾದ್ದರಿಂದ ಕಾರಿನ ವಯಸ್ಸನ್ನು ಅದರಿಂದ ಹೇಳಲಾಗದು. ಚಾಸಿಸ್ಸಿನ ಸಂಖ್ಯೆಯೂ ನೋಂದಣಿ ಪತ್ರದ ಸಂಖ್ಯೆಯೂ ಒಂದೇ ಆಗಿರಬೇಕು. ಇಲ್ಲವಾದರೆ ಎಷ್ಟೇ ಅಗ್ಗವಾದರೂ ಹಣ ಕೊಡಬಾರದು.

ಇಷ್ಟು ತಿಳಿದ ಮೇಲೆ ಆ ಕಾರಿಗೆ ಎರಡು ಜನ್ಮವೆಂಬುದು ಸ್ಪಷ್ಟವಾಯಿತು. ಮೊದಲನೆಯದು ಜರ್ಮನಿಯ ಕಾರ್ಖಾನೆಯಲ್ಲಿ, ಎರಡನೆಯದು ಯಾರದೋ ಮನೆಯ ಷೆಡ್ಡಿನಲ್ಲಿ. ಮೊದಲ ಜನ್ಮದ ಗುಣದೋಷಗಳು ಪುಸ್ತಕಗಳಲ್ಲಿ ಸಿಗುತ್ತವೆ. ಎರಡನೆಯದರ ಗುಣದೋಷಗಳು ಕಟ್ಟಿದವನ ಕೈಗೇ ಗೊತ್ತು. ಅವನು ಎಲ್ಲಿ ಕತ್ತರಿಸಿದ, ಹೇಗೆ ಬೆಸೆದ? ಅಪಾಯವೆಲ್ಲ ಇರುವುದು ಅಲ್ಲಿ.

ಆದ್ದರಿಂದ ಎಂಜಿನ್ನನ್ನು ಚಾಲೂ ಮಾಡುವ ಆತುರ ಬೇಡ. ಮೊದಲು ಕಾರನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರಿಯ ಜಾಕನ್ನು ನಂಬಿ ಕೆಳಗೆ ನುಸುಳಬಾರದು. ನೆಲವನ್ನು ಕತ್ತರಿಸಿ ಸೇರಿಸಿದ ಗೆರೆಯನ್ನು ಹುಡುಕಿ, ಅಲ್ಲಿಯ ಬಣ್ಣವನ್ನೂ ತಾರನ್ನೂ ಕೆರೆದು ತೆಗೆಯಿರಿ. ಬೆಸುಗೆ ಎಲ್ಲೂ ಬಿಡದೆ ಸಾಗಿದೆಯೇ? ಕೂದಲೆಳೆಯ ಬಿರುಕಿದೆಯೇ? ನಡುವಿನ ಸುರಂಗವನ್ನೂ ಸುತ್ತಲೂ ಬೆಸೆದಿದ್ದಾರೆಯೇ, ಅಥವಾ ಮೇಲೊಂದು ತಗಡು ಹೊಡೆದು ಕೈತೊಳೆದುಕೊಂಡಿದ್ದಾರೆಯೇ? ಮುಂದಿನ ಎಡಗಡೆಯಿಂದ ಹಿಂದಿನ ಬಲಗಡೆಗೆ, ಮುಂದಿನ ಬಲಗಡೆಯಿಂದ ಹಿಂದಿನ ಎಡಗಡೆಗೆ ಟೇಪು ಹಿಡಿದು ಅಳೆಯಿರಿ. ಎರಡು ಅಳತೆಗಳೂ ಸಮನಾಗಿದ್ದರೆ ನೆಲ ನೇರವಾಗಿದೆ. ಇದರಲ್ಲಿ ಅನುಮಾನ ಬಂದರೆ ಚಾಸಿಸ್ ಕೆಲಸ ಬಲ್ಲ ಬೆಸುಗೆಗಾರನಿಗೆ ತೋರಿಸಬೇಕು. ಇದು ಮನೆಯ ಕೆಲಸವಲ್ಲ.

ಹಾಗೆಯೇ ಬ್ಯಾಟರಿಯ ಜಾಗವನ್ನು ನೋಡಿ. ಬೀಟಲ್ಲಿನಲ್ಲಿ ಅದು ಹಿಂದಿನ ಸೀಟಿನ ಕೆಳಗೆ ಬಲಗಡೆ ಇರುತ್ತಿತ್ತು. ಸೋರಿದ ಆಮ್ಲವು ಅಲ್ಲಿಯ ನೆಲವನ್ನು ತಿಂದುಹಾಕಿರುವುದು ಉಂಟು. ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಗಡು ಹಪ್ಪಳದಂತೆ ಪುಡಿಯಾದರೆ ಆ ಭಾಗವನ್ನು ಕತ್ತರಿಸಿ ಹೊಸತನ್ನು ಹಾಕಬೇಕು. ಸೀಟಿನ ಬೆಲ್ಟು ಎಲ್ಲಿಗೆ ಬಿಗಿದಿದೆ ಎಂಬುದನ್ನೂ ಪರೀಕ್ಷಿಸಿ. ಗಾಜಿನ ನಾರಿನ ಮೈಗೆ ಬಿಗಿದಿದ್ದರೆ ಅಪಘಾತದಲ್ಲಿ ಬೋಲ್ಟು ಬೇರುಸಹಿತ ಕಿತ್ತುಬರುತ್ತದೆ. ಅದು ಉಕ್ಕಿಗೇ ಸೇರಿರಬೇಕು.

ನೆಲ ಗಟ್ಟಿಯೆಂದು ಖಾತ್ರಿಯಾದ ಮೇಲೆ ಬ್ರೇಕು. ಬ್ರೇಕಿನ ದ್ರವವು ಗಾಳಿಯಲ್ಲಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಒಳಗಿನ ಸಿಲಿಂಡರುಗಳು ತುಕ್ಕು ಹಿಡಿದಿರುತ್ತವೆ. ಸಿಲಿಂಡರು, ರಬ್ಬರು ಕೊಳವೆ, ದ್ರವ ಮೂರನ್ನೂ ಹೊಸದಾಗಿ ಹಾಕುವುದೇ ಕ್ಷೇಮ. ಟೈರುಗಳನ್ನು ಮೇಲ್ನೋಟಕ್ಕೆ ನಂಬಬೇಡಿ. 2000ದಿಂದೀಚಿನ ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2304 ಎಂದಿದ್ದರೆ 2004ರ 23ನೆಯ ವಾರದಲ್ಲಿ ತಯಾರಾದದ್ದು. ಹೂವು ಸವೆಯದಿದ್ದರೂ ಅಂತಹ ಮುದಿ ಟೈರು ವೇಗದಲ್ಲಿ ಸಿಡಿಯಬಹುದು.

ಮೂರನೆಯದು ಪೆಟ್ರೋಲು. ಹಳೆಯ ಪೆಟ್ರೋಲನ್ನು ಪೂರ್ತಿ ಹೊರತೆಗೆದು, ಟ್ಯಾಂಕು ತೊಳೆದು, ರಬ್ಬರು ಕೊಳವೆಗಳನ್ನೆಲ್ಲ ಬದಲಾಯಿಸಬೇಕು. ಬೀಟಲ್ಲಿನ ಎಂಜಿನ್ನಿನ ಹೊರಕೋಶ ಮೆಗ್ನೀಸಿಯಮ್ ಮಿಶ್ರಲೋಹದ್ದು. ಬೆಂಕಿ ಹತ್ತಿದರೆ ಆರಿಸುವುದು ಬಲು ಕಷ್ಟ. ನಾಲ್ಕು ಕಾಸಿನ ಕೊಳವೆಯೊಂದು ಬಿರುಕುಬಿಟ್ಟು ಇಡೀ ಕಾರು ಬೂದಿಯಾದೀತು.

ನಾಲ್ಕನೆಯದು ವಿದ್ಯುತ್ತು. ಇಲ್ಲಿ ಪ್ರತಿಕೃತಿಗೇ ವಿಶಿಷ್ಟವಾದ ಒಂದು ತೊಡಕಿದೆ. ಸಾಮಾನ್ಯ ಕಾರಿನಲ್ಲಿ ದೀಪಕ್ಕೆ ಒಂದು ತಂತಿ ಹೋದರೆ ಸಾಕು. ವಿದ್ಯುತ್ತು ಹಿಂತಿರುಗಲು ಉಕ್ಕಿನ ಮೈಯೇ ದಾರಿ. ಗಾಜಿನ ನಾರಿನಲ್ಲಿ ವಿದ್ಯುತ್ತು ಹರಿಯದು. ಪ್ರತಿಯೊಂದು ದೀಪಕ್ಕೂ, ಹಾರನ್ನಿಗೂ ಹಿಂತಿರುಗುವ ತಂತಿಯನ್ನು ಬೇರೆಯಾಗಿ ಎಳೆದು ಚಾಸಿಸ್ಸಿಗೆ ಕೊಡಬೇಕು. ದೀಪ ಮಿಣುಕುತ್ತಿದ್ದರೆ ಬಲ್ಬನ್ನು ದೂರುವ ಮೊದಲು ಈ ತಂತಿಯ ತುದಿಯನ್ನು ಬಿಚ್ಚಿ ಉಜ್ಜಿ ನೋಡಿ.

ಆಮೇಲೆ ಎಂಜಿನ್. ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ಬಿಟ್ಟು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಬೇಕು. ಸರಾಗವಾಗಿ ತಿರುಗಿದರೆ ಹಳೆಯ ಎಣ್ಣೆ ತೆಗೆದು, ಜಾಲರಿ ತೊಳೆದು, ಎರಡೂವರೆ ಲೀಟರು ಹೊಸ ಎಣ್ಣೆ ಹಾಕಿ. ಫ್ಯಾನಿನ ಗೂಡಿನೊಳಗೆ ಇಲಿಯ ಗೂಡಿದ್ದರೆ ಗಾಳಿ ಸಾಗದೆ ಎಂಜಿನ್ ಕಾದು ಹಾಳಾಗುತ್ತದೆ. ಎಂಜಿನ್ನಿನ ಸುತ್ತ ತಗಡು ಮತ್ತು ರಬ್ಬರಿನ ತಡೆ ಇರಬೇಕು. ಕೆಳಗಿನ ಬಿಸಿಗಾಳಿ ಮೇಲೇರಿ ಮತ್ತೆ ಫ್ಯಾನಿಗೆ ಸಿಗದಂತೆ ಮಾಡುವುದು ಅದರ ಕೆಲಸ. ಮನೆಯಲ್ಲಿ ಕಟ್ಟಿದವರು ಇದನ್ನು ಬಿಟ್ಟುಬಿಡುವುದುಂಟು.

ಬಣ್ಣ ಕೊಟ್ಟಕೊನೆಗೆ. ಗೋಡೆ ಎಬ್ಬಿಸುವ ಮೊದಲು ಯಾರೂ ಸುಣ್ಣ ಹೊಡೆಯುವುದಿಲ್ಲವಷ್ಟೆ! ಗಾಜಿನ ನಾರಿಗೆ ತುಕ್ಕಿಲ್ಲ. ಆದರೆ ಮೇಲುಪದರದಲ್ಲಿ ಜೇಡರ ಬಲೆಯಂತೆ ಬಿರುಕು ಬರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಕೆಲವು ತಿಂಗಳಲ್ಲಿ ಬಿರುಕು ಮತ್ತೆ ಇಣುಕುತ್ತದೆ. ಆ ಪದರವನ್ನು ಗಟ್ಟಿ ಭಾಗ ಸಿಗುವವರೆಗೆ ಉಜ್ಜಿ, ಒಳಮಗ್ಗುಲಿನಿಂದ ಹೊಸ ನಾರು ಮತ್ತು ರಾಳ ಕೊಟ್ಟು ಬಲಪಡಿಸಬೇಕು. ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು; ಮೂಗುಬಾಯಿಗೆ ಒಳ್ಳೆಯ ಮುಖಕವಚ ಅವಶ್ಯ.

ಉಳಿದದ್ದು ಕಾನೂನಿನ ಮಾತು ಮತ್ತು ನಿಯತ್ತಿನ ಮಾತು. ಬ್ರಿಟನ್ನಿನಲ್ಲಿ, ವಯಸ್ಸೂ ಮೂಲವೂ ಖಚಿತವಾಗದ ವಾಹನಕ್ಕೆ ‘ಕ್ಯೂ’ ಅಕ್ಷರದಿಂದ ಮೊದಲಾಗುವ ಸಂಖ್ಯೆಯನ್ನು ಕೊಡುತ್ತಾರೆ. ನೋಡಿದ ಕೂಡಲೆ ಇದು ಜೋಡಿಸಿದ ಕಾರಿರಬಹುದೆಂದು ಯಾರಿಗಾದರೂ ಹೊಳೆಯುತ್ತದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಗೊತ್ತುಮಾಡಿದ ರಚನೆಯಿಂದ ದೂರ ಸರಿಯುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹಳೆಯ ಕಾರಿನ ಮೈ ಬದಲಾಯಿಸುವ ಆಸೆಯುಳ್ಳ ನಮ್ಮ ಯುವಕರು ಸ್ಪ್ಯಾನರು ಹಿಡಿಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಮೇಲು.

ಷೆಡ್ಡಿನಲ್ಲಿದ್ದ ಆ ಕಾರಿಗೇ ಮರಳೋಣ. ಕೊಂಡವನು ಹೀಗೆ ಕ್ರಮವಾಗಿ ದುಡಿದು ಅದನ್ನು ರಸ್ತೆಗೆ ತಂದನೆನ್ನಿ. ಯಾರಾದರೂ ನಿಲ್ಲಿಸಿ, “ಇದು ಪೋರ್ಷೆಯೇ?” ಎಂದು ಕೇಳುತ್ತಾರೆ. “ಅಲ್ಲ, ಇದು 1968ರ ಬೀಟಲ್, ಪೋರ್ಷೆಯ ಅಂಗಿ ತೊಟ್ಟಿದೆ” ಎಂದು ಹೇಳುವುದರಲ್ಲಿ ಸಣ್ಣತನವೇನೂ ಇಲ್ಲ. ನಾಟಕದ ರಾಜನು ರಂಗದ ಮೇಲೆ ರಾಜನಾಗಿದ್ದರೆ ಯಾರೂ ಅವನನ್ನು ಮೋಸಗಾರನೆನ್ನುವುದಿಲ್ಲ. ಅದೇ ಕಿರೀಟ ತೊಟ್ಟು ಪೇಟೆಯಲ್ಲಿ ಸಾಲ ಎತ್ತಲು ಹೋದರೆ ಮಾತು ಬೇರೆ. ಮುಂದೊಂದು ದಿನ ಈ ಕಾರು ಇನ್ನೊಬ್ಬರ ಕೈ ಸೇರುತ್ತದೆ. ಕತ್ತರಿಸಿದ್ದು ಎಲ್ಲಿ, ಬೆಸೆದದ್ದು ಯಾರು, ಹಾಕಿದ್ದು ಯಾವ ಭಾಗ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಕಾರಿನೊಡನೆ ಕೊಟ್ಟರೆ ಅವರು ನಮ್ಮಂತೆ ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ಆ ಪುಸ್ತಕಕ್ಕೆ ಮೂರು ರೂಪಾಯಿಯ ಪೆನ್ನು ಸಾಕು. ಅದರಿಂದ ಉಳಿಯುವುದು ಒಬ್ಬರ ಪ್ರಾಣವೇ ಆಗಿರಬಹುದು.