ನಡುರಸ್ತೆಯಲ್ಲಿ ಮೊಸಳೆ!

2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಗೆ ಮೊಸಳೆ ಬಂದಿತ್ತು. ರಸ್ತೆ ನಡುವೆ ದೊಡ್ಡ ಗುಂಡಿ. ಅದರ ತುಂಬ ಹಸಿರು ನೀರು, ಥೇಟ್ ಪಾಚಿಗಟ್ಟಿದ ಕೆರೆಯಂತೆ. ಅದರಲ್ಲಿ ಆರಾಮಾಗಿ ಮಲಗಿತ್ತು ಮೊಸಳೆ.

ಹೆದರಬೇಡಿ, ಅದು ಫೈಬರಿನದು. ತೂಕ ಸುಮಾರು 20 ಕಿಲೊ. ತಂದು ಮಲಗಿಸಿದವರು ಮೈಸೂರಿನ ‘ಕಾವಾ’ ಕಲಾ ಕಾಲೇಜಿನಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ. ಇದಕ್ಕೆ ಅವರು ಕೈಯಿಂದ ಹಾಕಿದ್ದು ಸುಮಾರು 6,000 ರೂಪಾಯಿ. ಕೆಲವು ಕಲಾವಿದರಿಗೆ ಬೆಟ್ಟ, ಹೊಳೆ, ಮುಂಗಾರು ಸ್ಫೂರ್ತಿ ಕೊಡುತ್ತವೆ. ಇವರಿಗೆ ಕಿತ್ತುಹೋದ ಡಾಂಬರೇ ಸಾಕು. ಬಾಯ್ದೆರೆದ ಮ್ಯಾನ್‌ಹೋಲ್ ಸಿಕ್ಕರಂತೂ ಕೇಳುವುದೇ ಬೇಡ!

ಮೊಸಳೆಯ ಫೋಟೊ ದೇಶವೆಲ್ಲ ಸುತ್ತಿದ್ದೇ ತಡ, ಪಾಲಿಕೆಯವರು ರಿಪೇರಿಗೆ ಹಾಜರ್. ಹೀಗೆ ಬೇಗ ಅಳಿಸಿಹೋದಷ್ಟೂ ಗೆದ್ದಂತೆ ಎನ್ನಿಸುವ ಕಲೆ ಬೇರೆ ಇರಲಾರದು.

2019ರ ಸೆಪ್ಟೆಂಬರ್‌ನಲ್ಲಿ ಬಾದಲ್ ಚಂದ್ರಲೋಕಕ್ಕೇ ಕೈ ಹಾಕಿದರು. ಚಂದ್ರಯಾನ-2ರ ಲ್ಯಾಂಡರ್ ಇಳಿಯಲು ಕೆಲವೇ ದಿನಗಳಿದ್ದವು. ಹೇರೋಹಳ್ಳಿ ಕಡೆಯ ರಸ್ತೆಯೊಂದರಲ್ಲಿ, ರಾತ್ರಿ ಹೊತ್ತು, ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಬಿಳಿ ದಿರಿಸು ತೊಡಿಸಿ ನಡೆಸಿ ವಿಡಿಯೊ ಮಾಡಿದರು. ತೇಲುವಂಥ ನಿಧಾನ ಹೆಜ್ಜೆ. ಸುತ್ತ ಕುಳಿಗಳ ಮೇಲೆ ಕುಳಿ. ವಿಡಿಯೊ ನೋಡಿದವರಿಗೆ ಮೊದಲು ಅದು ಚಂದ್ರನ ನೆಲವೇ. ಅಷ್ಟರಲ್ಲಿ ಪಕ್ಕದಲ್ಲೇ ಕುಲುಕುತ್ತ ಒಂದು ಆಟೊ ಹಾದುಹೋಗುತ್ತದೆ.