ಒಂದು ದಿನ, ಐದು ಊರು, ಒಂದು ಕಲ್ಲು

ಡಿಸೆಂಬರ್ ಕೊನೆಯ ವಾರ. ಬೆಂಗಳೂರಿನಿಂದ ಮಗ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಕಲಬುರಗಿಗೆ ಬಂದಿದ್ದ. ಎರಡು ದಿನ ಮನೆಯಲ್ಲೇ ಕಳೆದ ಮೇಲೆ ಐದನೇ ತರಗತಿಯ ಮೊಮ್ಮಗ ಕೇಳಿದ: “ಮುತ್ಯಾ, ನನ್ನ ಫ್ರೆಂಡ್ಸ್ ರಾಜಸ್ಥಾನಕ್ಕೆ ಹೋಗಿದ್ದಾರೆ. ಮರಳುಗಾಡು, ಬೆಟ್ಟ, ಕೋಟೆ ಎಲ್ಲಾ ನೋಡ್ತಿದ್ದಾರೆ. ನಿಮ್ಮ ಕಡೆ ನೋಡೋಕೆ ಏನಿದೆ?”

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ – ಈ ಐದೂ ಊರುಗಳ ನೀರು ಕುಡಿದಿದ್ದೇನೆ. ಮಳಖೇಡದ ಕೋಟೆಯ ಹತ್ತಿರ ಬಸ್ಸಿನಲ್ಲಿ ಎಷ್ಟು ಸಲ ಹಾದು ಹೋಗಿದ್ದೇನೋ ಲೆಕ್ಕವಿಲ್ಲ. ಇಳಿದು ನೋಡಿದ್ದು ಮಾತ್ರ ಎರಡೇ ಸಲ. ಹಾಗಾಗಿ ಮೊಮ್ಮಗನ ಪ್ರಶ್ನೆ ನನಗೇ ತಟ್ಟಿತು. “ನಾಳೆ ನಸುಕಿನಾಗ ಏಳು, ತೋರಸ್ತೀನಿ” ಎಂದೆ.

ಬೆಳಗಿನ ಐದೂವರೆಗೆ ಮಗ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ನಾನು. ಡಿಕ್ಕಿಯಲ್ಲಿ ನನ್ನ ಮನೆಯಾಕೆ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರಿನ ಡಬ್ಬಿ. ರಸ್ತೆಯ ಎರಡೂ ಕಡೆ ತೊಗರಿ ಒಣಗಿ ಕಟಾವಿಗೆ ಬಂದಿತ್ತು. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಅನ್ನುತ್ತಾರೆ. ನಿಮ್ಮ ಮನೆಯ ಸಾರಿನಲ್ಲಿರುವ ಬೇಳೆ ಇಲ್ಲಿಂದಲೇ ಬಂದಿರಬಹುದು.

ಶಹಾಬಾದಕ್ಕೆ ಮೊದಲು ಮರ್ತೂರು ಸಿಗುತ್ತದೆ. ಸಣ್ಣ ಹಳ್ಳಿ. ಸುಮಾರು ಒಂಬೈನೂರು ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರು ಇದು. ಅಪ್ಪನ ಆಸ್ತಿ ಯಾರಿಗೆ, ಎಷ್ಟು ಎಂದು ವಿವರಿಸುವ ಗ್ರಂಥ ಅದು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ದೇಶದ ಬಹುಭಾಗದಲ್ಲಿ ಅದನ್ನೇ ಹಿಡಿದು ತೀರ್ಪು ಕೊಟ್ಟವು. ಅವಿಭಕ್ತ ಕುಟುಂಬದ ಖಾತೆ ತೆರೆಯುವಾಗ ಅಣ್ಣತಮ್ಮಂದಿರ ಸಹಿ ಪಡೆಯುತ್ತಿದ್ದ ನಮಗೆ ಆ ನಿಯಮಗಳ ಬೇರು ಪಕ್ಕದ ಹಳ್ಳಿಯಲ್ಲೇ ಇದೆ ಎಂಬುದು ಗೊತ್ತಿರಲಿಲ್ಲ.

“ಹೆಣ್ಣುಮಕ್ಕಳಿಗೂ ಪಾಲಿತ್ತಾ?” ಎಂದು ಎಂಟನೇ ತರಗತಿಯ ಮೊಮ್ಮಗಳು ಕೇಳಿದಳು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಆಗ ಗಂಡುಮಕ್ಕಳಿಗೆ ಮಾತ್ರ ಇತ್ತು, 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಬಂತು ಎಂದೆ. ಅವಳು ತಮ್ಮನ ಕಡೆ ನೋಡಿ ನಕ್ಕಳು.

ಶಹಾಬಾದದಲ್ಲಿ ಬಿಸಿಲು ಬಿತ್ತು. ಇಲ್ಲಿ ನೆಲವೆಲ್ಲಾ ಕಲ್ಲು. ಒಂದು ಹಳೆಯ ಖಣಿಯ ಪಕ್ಕ ಕಾರು ನಿಲ್ಲಿಸಿ, ಬೇಲಿಯ ಆಚೆಯಿಂದಲೇ ತೋರಿಸಿದೆ. ಪುಸ್ತಕದ ಹಾಳೆ ಜೋಡಿಸಿಟ್ಟ ಹಾಗೆ ಕಲ್ಲಿನ ಪದರಗಳು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಆದ್ದರಿಂದಲೇ ಈ ಕಲ್ಲು ಹಾರೆ ಹಾಕಿದರೆ ಹಲಗೆಯ ಹಾಗೆ ಏಳುತ್ತದೆ. ನಾವು ಪರ್ಸಿ ಎನ್ನುತ್ತೇವೆ. ಬೇರೆ ಕಡೆಯವರಿಗೆ ಅದು ಶಹಾಬಾದ ಕಲ್ಲು. ಮನೆ, ಶಾಲೆ, ರೈಲು ನಿಲ್ದಾಣ ಎಲ್ಲೆಲ್ಲೂ ನೆಲಕ್ಕೆ ಹಾಸಿದ್ದು ಇದನ್ನೇ. ಸಿಮೆಂಟಿಗೆ ಬೇಕಾದ ಮುಖ್ಯ ವಸ್ತುವೂ ಈ ಸುಣ್ಣದ ಕಲ್ಲೇ. ಶಹಾಬಾದದಿಂದ ಸೇಡಂ ತನಕ ಸಿಮೆಂಟ್ ಕಾರ್ಖಾನೆಗಳು ಸಾಲಾಗಿ ಬಂದದ್ದು ಇದೇ ಕಾರಣಕ್ಕೆ.

ವಾಡಿಯಲ್ಲಿ ಸೂಸಲಾ, ಮಿರ್ಚಿ ಭಜಿ, ಚಾ. ಮುಂಬೈ–ಚೆನ್ನೈ ಹಳಿಯಿಂದ ಹೈದರಾಬಾದಿನ ಕಡೆ ಹೋಗುವ ಹಳಿ ಕವಲೊಡೆಯುವುದು ಇಲ್ಲೇ. ನಿಜಾಮರ ರೈಲು 1874ರಲ್ಲಿ ಓಡಿದ್ದು ಈ ವಾಡಿಯಿಂದ. ನಾವು ಮಾತ್ರ ಹಳಿಯನ್ನು ಬಿಟ್ಟು ದಕ್ಷಿಣಕ್ಕೆ, ಭೀಮಾ ನದಿಯ ದಂಡೆಯ ಸನ್ನತಿಗೆ ಹೊರಟೆವು.

ಸನ್ನತಿಯ ಚಂದ್ರಲಾಂಬೆ ನಮ್ಮ ಕಡೆಯ ಅನೇಕ ಮನೆತನಗಳ ಕುಲದೇವತೆ. ಅದೇ ಆವರಣದ ಕಾಳಿಕಾ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರಗಳು! ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅಶೋಕ ಚಕ್ರವರ್ತಿ ಹೊರಡಿಸಿದ ಶಾಸನ ಅದು. ಬೇರೆಯವರ ಧರ್ಮವನ್ನೂ ಗೌರವಿಸಬೇಕು, ಪ್ರಜೆಗಳೆಲ್ಲಾ ತನಗೆ ಮಕ್ಕಳಿದ್ದ ಹಾಗೆ ಎಂಬುದು ಅದರಲ್ಲಿನ ಮಾತಿನ ಸಾರ. ಹಿಂದೆ ಯಾವಾಗಲೋ ಮೂರ್ತಿಯನ್ನು ನಿಲ್ಲಿಸುವುದಕ್ಕೆಂದು ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಆ ಜಾಗದ ಅಕ್ಷರಗಳು ಹೋಗಿಬಿಟ್ಟಿವೆ.

ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ಅಗೆತ ನಡೆದು ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಅಲ್ಲಿ ಸಿಕ್ಕ ಒಂದು ಕೆತ್ತನೆಯಲ್ಲಿ ರಾಜ, ರಾಣಿ, ಛತ್ರ ಚಾಮರ ಹಿಡಿದ ಸೇವಕಿಯರು ಇದ್ದಾರೆ. ಜತೆಗೆ ‘ರಾಯ ಅಶೋಕ’ ಎಂಬ ಹೆಸರು. ಹೆಸರಿನ ಸಮೇತ ಅಶೋಕನ ಕೆತ್ತನೆ ಸಿಕ್ಕದ್ದು ನಮ್ಮ ಭೀಮಾ ತೀರದಲ್ಲಿ. ಮೊಮ್ಮಗ ಫೋನಿನಲ್ಲಿ ಅದರ ಚಿತ್ರ ಹುಡುಕಿ, ನೋಟಿನ ಮೇಲಿನ ಸಿಂಹಗಳು ಇವನದೇ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಕೇಳಿದ: “ಅಶೋಕನ ಕಲ್ಲಿಗೆ ತೂತು ಹಾಕಿದ್ರಲ್ಲಾ, ಅವರಿಗೆ ಅಷ್ಟೂ ಗೊತ್ತಾಗ್ಲಿಲ್ವಾ?”

ನಾನು ಉತ್ತರ ಕೊಡಲಿಲ್ಲ. ಬಿಸಿಲು ಜೋರಾಗುತ್ತಿದೆ, ಕಾರು ಹತ್ತಿ ಎಂದೆ.

ಚಿತ್ತಾಪುರದ ಪಕ್ಕ ನಾಗಾವಿ ಇದೆ. ಯಲ್ಲಮ್ಮನ ಜಾತ್ರೆಗೆ ಬರುವ ಜನ ಬಹಳ. ಅರವತ್ತು ಕಂಬದ ಗುಡಿಯ ತನಕ ಬರುವವರು ಕಡಿಮೆ. ನಾವು ಹೋದಾಗ ಎರಡು ಆಡು ಬಿಟ್ಟರೆ ಯಾರೂ ಇರಲಿಲ್ಲ. ಇಲ್ಲೊಂದು ಘಟಿಕಾಸ್ಥಾನವಿತ್ತು. ಇಂದಿನ ಮಾತಿನಲ್ಲಿ ವಸತಿ ಕಾಲೇಜು ಎನ್ನಿ. 1058ರ ಶಾಸನ ಅದರ ಲೆಕ್ಕವನ್ನು ಬರೆದಿಟ್ಟಿದೆ: ವೇದ ಓದುವವರು 200, ಶಾಸ್ತ್ರ ಓದುವವರು 52, ಕಲಿಸುವವರು ಆರು ಮಂದಿ, ಮತ್ತು ಆರು ಮಂದಿ ‘ಸರಸ್ವತೀ ಭಂಡಾರಿಗರು’. ಅಂದರೆ ಗ್ರಂಥ ಕಾಯುವವರು. ಕಲಿಸುವವರು ಎಷ್ಟೋ ಪುಸ್ತಕ ಕಾಯುವವರೂ ಅಷ್ಟೇ! ಅವರ ಜೀವನಕ್ಕೆ ಭೂಮಿಯನ್ನೂ ಬಿಟ್ಟುಕೊಟ್ಟಿದ್ದರು. ಲೆಡ್ಜರ್ ಬರೆದ ಕೈ ನನ್ನದು. ಕಲ್ಲಿನಲ್ಲಿ ಬರೆದ ಆ ಲೆಕ್ಕ ನನಗೆ ಬಹಳ ಹಿಡಿಸಿತು. ಓಲೆಗರಿಯ ಗ್ರಂಥಗಳು ಏನಾದವೋ, ಕಲ್ಲು ಉಳಿದದ್ದರಿಂದ ಇಷ್ಟಾದರೂ ನಮಗೆ ತಿಳಿಯಿತು.

ಚಿತ್ತಾಪುರದಿಂದ ಮಳಖೇಡಕ್ಕೆ ಬಂದಾಗ ಮಧ್ಯಾಹ್ನ ಒಂದೂವರೆ. ಕಾಗಿಣಾ ನದಿಯ ದಂಡೆಯ ಬೇವಿನ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ಎದುರಿಗೆ ಕೋಟೆ. ಇದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ. ಕನ್ನಡದಲ್ಲಿ ಇಂದು ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ, ಶ್ರೀವಿಜಯನ ಕೈಯಲ್ಲಿ. ಅರಬ್ಬೀ ವರ್ತಕ ಸುಲೇಮಾನ್ ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಇಲ್ಲಿಯ ರಾಜನನ್ನೂ ಎಣಿಸಿದ್ದಾನೆ. 972ರಲ್ಲಿ ಮಾಳವದ ಪರಮಾರ ಸೀಯಕ ಈ ನಗರವನ್ನು ಸೂರೆ ಮಾಡಿದ. ಈಗ ಉಳಿದಿರುವುದು ಗೋಡೆ, ಬುರುಜು, ಬಾಗಿಲು, ಹಾಗೂ ಅವುಗಳ ನಡುವೆ ಎಂದಿನಂತೆ ಬದುಕುವ ಜನ.

ಅಮೋಘವರ್ಷನ ಕಾಲದಲ್ಲೇ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಅಸಲು, ಬಡ್ಡಿ, ಅವಧಿಯ ಲೆಕ್ಕಗಳೂ ಇವೆ. ನಾವು ಬ್ಯಾಂಕಿನಲ್ಲಿ ಕೈಯಿಂದ ಹಾಕುತ್ತಿದ್ದ ಬಡ್ಡಿಯ ಲೆಕ್ಕವನ್ನು ಸಾವಿರದ ನೂರೈವತ್ತು ವರ್ಷದ ಹಿಂದೆಯೇ ಮಕ್ಕಳಿಗೆ ಕಲಿಸುತ್ತಿದ್ದರು! ಆತನಿಗೆ ಸಂಖ್ಯೆಗಳನ್ನು ಹಾರದ ಹಾಗೆ ಪೋಣಿಸುವ ಹುಚ್ಚು. ಮೊಮ್ಮಗನಿಗೆ ಕಾಗದ ಕೊಟ್ಟು 152207ನ್ನು 73ರಿಂದ ಗುಣಿಸು ಎಂದೆ. ಅಕ್ಕ ಫೋನಿನಲ್ಲಿ ಮಾಡುವ ಮೊದಲೇ ಅವನು ಕೂಗಿದ, “ಬರೀ ಒಂದು! ಎಂಟು ಒಂದು!” ನೀವೂ ಮಾಡಿ ನೋಡಿ. ಆಮೇಲೆ 142857143ನ್ನು 7ರಿಂದ ಗುಣಿಸಿ. ಅಂಥ ಮಹಾವೀರಾಚಾರ್ಯನೂ ಒಂದು ಕಡೆ ಎಡವಿದ್ದಾನೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದ. ಅದು ತಪ್ಪು. “ಅಷ್ಟು ದೊಡ್ಡವರೂ ತಪ್ಪು ಮಾಡ್ತಾರಾ?” ಎಂದ ಹುಡುಗ. ಮಾಡುತ್ತಾರೆ ಎಂದೆ.

ಸೇಡಂ ದಾಟಿ ಚಿಂಚೋಳಿಯ ರಸ್ತೆ ಹಿಡಿದಾಗ ನಾಲ್ಕು ಗಂಟೆ. ಆ ದಾರಿಯಲ್ಲೇ ನಾನು ಹುಟ್ಟಿದ ಹಳ್ಳಿ. “ಸ್ವಲ್ಪ ಒಳಗ ಹೊಳ್ಳಸು” ಎಂದು ಮಗನಿಗೆ ಹೇಳಿದೆ. ನಮ್ಮ ಮನೆ ಮಾರಿ ಇಪ್ಪತ್ತು ವರ್ಷವಾಯಿತು. ಈಗಿನ ಯಜಮಾನ ಕಟ್ಟೆಯ ಮೇಲೆ ಕೂತಿದ್ದ. ಗುರುತು ಹಿಡಿದು ಎದ್ದ. “ಬರ್ರಿ ಸಾಹೇಬ್ರ, ನಿಮ್ಮ ಮನಿನೇ ಅದ, ಕೂಡ್ರಿ. ಚಾ ಕುಡದು ಹೋಗ್ರಿ.”

ಚಾ ಬರುವ ತನಕ ಮಕ್ಕಳನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದೆ. ಈಶಾನ್ಯದ ಮೂಲೆ ತೋರಿಸಿ, ಸನ್ನತಿಯಲ್ಲಿ ಕೊಡದ ಉತ್ತರವನ್ನು ಇಲ್ಲಿ ಕೊಟ್ಟೆ.

ನಾನು ಸಣ್ಣವನಿದ್ದಾಗ ಈ ಹಿತ್ತಲಲ್ಲಿ ಒಂದು ಕರಿ ಕಲ್ಲಿತ್ತು. ಒಂದು ಕಡೆ ಸೂರ್ಯ, ಚಂದ್ರ, ಹಾಲುಣಿಸುವ ಹಸು. ಕೆಳಗೆ ಸಾಲು ಸಾಲು ಅಕ್ಷರ. ನಮ್ಮವ್ವ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಸಬಕಾರದ ನೀರು ಅಕ್ಷರಗಳ ಸಂದಿಯಲ್ಲಿ ಹರಿಯುವುದನ್ನು ನೋಡುತ್ತಾ ಕೂಡುತ್ತಿದ್ದೆ. ಯಾವ ಅಕ್ಷರ, ಯಾರು ಬರೆದದ್ದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. 1984ರಲ್ಲಿ ಬ್ಯಾಂಕಿನ ಸಾಲ ತೆಗೆದು ಮನೆಯನ್ನು ಹೊಸದಾಗಿ ಕಟ್ಟಿಸಿದೆ. ಗೌಂಡಿ ಬಂದು, “ಕಲ್ಲು ಗಟ್ಟಿ ಅದ, ಏನು ಮಾಡ್ಲಿ?” ಎಂದು ಕೇಳಿದ. ನಾನು ಬಿಕಾಂ ಓದಿದವನು. “ಬುನಾದಿಗೆ ಹಾಕು” ಎಂದೆ. ಎರಡು ತುಂಡು ಮಾಡಿ ಈ ಮೂಲೆಯಲ್ಲಿ ಹಾಕಿದರು.

ಕೆಲ ವರ್ಷಗಳ ಮೇಲೆ ಬ್ಯಾಂಕಿನಲ್ಲಿ ಜತೆಗಾರನೊಬ್ಬ ಸನ್ನತಿಯ ಸುದ್ದಿಯನ್ನು ಪತ್ರಿಕೆಯಿಂದ ಓದಿ ಹೇಳಿದ. ಪೀಠದ ಕಲ್ಲು, ಅದರ ಅಕ್ಷರ ಎಂದು ಕೇಳುತ್ತಿದ್ದ ಹಾಗೆ ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಸೂರ್ಯ, ಚಂದ್ರರನ್ನು ದಾನಶಾಸನದ ಮೇಲೆ ಕೆತ್ತುವುದು, ಅವರಿರುವ ತನಕ ಈ ದಾನ ನಡೆಯಲಿ ಎಂಬ ಅರ್ಥದಲ್ಲಿ ಎಂದು ಆಮೇಲೆ ತಿಳಿಯಿತು. ಯಾರೋ ಯಾರಿಗೋ ಏನೋ ಕೊಟ್ಟಿದ್ದರು. ಕೆರೆಯೋ, ಹೊಲವೋ, ಶಾಲೆಯೋ. ನಮ್ಮ ಊರಿನ ಹಳೆಯ ಹೆಸರೂ ಅದರಲ್ಲಿ ಇದ್ದಿರಬಹುದು. ಸನ್ನತಿಯಲ್ಲಿ ತೂತು ಕೊರೆದವನಿಗೆ ಬ್ರಾಹ್ಮಿ ಓದಲು ಬರುತ್ತಿರಲಿಲ್ಲ. ಹಿತ್ತಲಿನದು ಹಳೆಗನ್ನಡದ ಅಕ್ಷರ. ಓದಬಲ್ಲವರು ಕಲಬುರಗಿಯಲ್ಲೇ ಇದ್ದರು. ನಾನು ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಈಗ ತೆಗೀಬಹುದಾ?” ಎಂದ. ಮನೆ ಕೆಡವದೆ ಆಗದು, ಅದು ಬೇರೆಯವರ ಮನೆ ಎಂದೆ. ಮೊಮ್ಮಗಳು ಆ ಮೂಲೆಯ ಫೋಟೊ ತೆಗೆದುಕೊಂಡಳು. ನನಗೆ ನೆನಪಿದ್ದಷ್ಟು ಬರೆದುಕೊಡಲು ಹೇಳಿದಳು: ಕಲ್ಲಿನ ಅಳತೆ, ಮೇಲಿನ ಚಿತ್ರ, ಸುಮಾರು ಎಷ್ಟು ಸಾಲು. ಯಜಮಾನನಿಗೂ ವಿಷಯ ಹೇಳಿದೆ. “ಮುಂದ ಎಂದರ ಮನಿ ಬಿಚ್ಚಿದ್ರ ನಿಮಗ ಫೋನ್ ಮಾಡ್ತೀನ್ರಿ” ಎಂದ. ಎಪ್ಪತ್ತು ದಾಟಿದ ನನ್ನ ನಂಬರಿನ ಜತೆಗೆ ಮೊಮ್ಮಗಳ ಅಪ್ಪನ ನಂಬರನ್ನೂ ಬರೆಸಿದೆ.

ಚಿಂಚೋಳಿ ದಾಟಿ ಚಂದ್ರಂಪಳ್ಳಿ ಅಣೆಕಟ್ಟಿಗೆ ತಲುಪಿದಾಗ ಸೂರ್ಯ ಇಳಿಯುತ್ತಿದ್ದ. ಬೆಳಗಿನಿಂದ ಕಲ್ಲು, ಬಯಲು, ದೂಳು ನೋಡಿದ ಮಕ್ಕಳಿಗೆ ಇಲ್ಲಿ ಕೆಂಪು ಮುರಕಲ್ಲಿನ ಗುಡ್ಡ, ಕಾಡು, ನೀರು. ಬಿಸಿಲ ನಾಡಿನ ಮಲೆನಾಡು ಇದು. 2011ರಲ್ಲಿ ಇದನ್ನು ವನ್ಯಧಾಮವೆಂದು ಘೋಷಿಸಿದರು. ತೋಳ, ಕತ್ತೆಕಿರುಬ, ಕೊಂಡುಕುರಿ ಇವೆ. ನಮಗೆ ಕಂಡದ್ದು ನವಿಲು ಮಾತ್ರ. ಮೊಮ್ಮಗ ನೀರಿನ ಕಡೆ ನೋಡುತ್ತಾ, “ಮುತ್ಯಾ, ನಾಗಾವಿಯಲ್ಲಿ ಪುಸ್ತಕ ಕಾಯೋರು ಆರು ಜನ ಇದ್ರಲ್ಲ, ಈಗ ಎಷ್ಟು ಜನ ಇದ್ದಾರೆ?” ಎಂದ. ಎಲ್ಲರೂ ಇರಬೇಕಪ್ಪ ಎಂದೆ.

ಮನೆ ಸೇರಿದಾಗ ರಾತ್ರಿ ಒಂಬತ್ತೂವರೆ. ಕಾರಿನ ಮೀಟರ್ ಮುನ್ನೂರರ ಹತ್ತಿರ ತೋರಿಸುತ್ತಿತ್ತು.

ನೀವೂ ಈ ದಾರಿಯಲ್ಲಿ ಹೊರಟರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು ತಡೆಯುವುದು ಕಷ್ಟ. ನೀರು, ಟೊಪ್ಪಿಗೆ, ಬುತ್ತಿ ಜತೆಗಿರಲಿ. ಸಂಜೆ ಕಾಡಿನಲ್ಲಿ ತಡ ಮಾಡಬೇಡಿ.

ಮಕ್ಕಳೇ, ಇನ್ನೊಂದು ಮಾತು. ನಿಮ್ಮ ಊರಿನ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ಹಿತ್ತಲಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದರ ಮೇಲೆ ಬಣ್ಣ ಬಳಿಯಬೇಡಿ, ಸುಣ್ಣ ತುಂಬಬೇಡಿ, ಚೂಪಾದದ್ದರಿಂದ ಕೆರೆಯಬೇಡಿ. ಬೆಳಗ್ಗೆಯೋ ಸಂಜೆಯೋ ಓರೆ ಬಿಸಿಲು ಬಿದ್ದಾಗ ಫೋಟೊ ತೆಗೆಯಿರಿ. ಆಗ ಅಕ್ಷರ ಎದ್ದು ಕಾಣುತ್ತದೆ. ಊರು, ಜಾಗ ಬರೆದುಕೊಂಡು ನಿಮ್ಮ ಮಾಸ್ತರರಿಗೆ ತೋರಿಸಿ, ಪುರಾತತ್ತ್ವ ಇಲಾಖೆಗೆ ತಿಳಿಸಿ. ಓದಲು ಬರದಿದ್ದರೆ ನಾಚಿಕೆಯಿಲ್ಲ. ಕೇಳದೆ ಬುನಾದಿಗೆ ಹಾಕಿದವನು ನಾನು. ನೀವು ಕೇಳಿರಿ.