ನೋಡಿದರೆ ಅಳಿಯುವ ಪಟ್ಟೆಗಳು

ಮಾಲೇಗಾಂವಿನಲ್ಲಿ ವಾಸಿಸುವವರಿಗೆ ಮಗ್ಗದ ಸದ್ದು ಹೊಸದಲ್ಲ. ಅಲ್ಲಿ ನೆಯ್ದ ತೆಳುವಾದ ಅರಿವೆಯ ತುಂಡೊಂದನ್ನು ರಾತ್ರಿಯ ಹೊತ್ತು ಕಣ್ಣಿಗೆ ಹತ್ತಿರವಾಗಿ ಹಿಡಿದು, ಅದರ ಮೂಲಕ ದೂರದ ಬೀದಿದೀಪವನ್ನು ನೋಡಿರಿ. (ಸೂರ್ಯನನ್ನು ಮಾತ್ರ ಹೀಗೆ ನೋಡಲಾಗದು.) ದೀಪದ ಸುತ್ತಲೂ ಅಡ್ಡಕ್ಕೂ ಉದ್ದಕ್ಕೂ ಬೆಳಕಿನ ಚುಕ್ಕೆಗಳು ಸಾಲುಗಟ್ಟಿರುವುದು ಕಾಣುತ್ತದೆ. ಅರಿವೆಯನ್ನು ತಿರುಗಿಸಿದರೆ ಸಾಲುಗಳೂ ತಿರುಗುತ್ತವೆ. ನೇಯ್ಗೆ ಒತ್ತಾದಷ್ಟೂ ಚುಕ್ಕೆಗಳ ನಡುವಣ ಅಂತರ ಹೆಚ್ಚುತ್ತದೆ. 1785ರ ಸುಮಾರಿಗೆ ಅಮೆರಿಕದ ರಿಟನ್‌ಹೌಸ್ ಎಂಬ ವಿದ್ವಾಂಸನು ರೇಷ್ಮೆಯ ಕರವಸ್ತ್ರದಲ್ಲಿ ಕಂಡ ಇದೇ ಸೋಜಿಗದ ಕಾರಣವನ್ನು ಹುಡುಕಲು ತೊಡಗಿದನು.

ನೂಲುಗಳ ನಡುವಣ ಸಂದುಗಳಿಂದ ಹೊರಟ ಬೆಳಕಿನ ಅಲೆಗಳು ಒಂದರೊಡನೊಂದು ಕೂಡುತ್ತವೆ. ಉಬ್ಬಿಗೆ ಉಬ್ಬು ಸೇರಿದೆಡೆ ಬೆಳಕು ಹೆಚ್ಚುತ್ತದೆ; ಉಬ್ಬಿಗೆ ತಗ್ಗು ಸೇರಿದೆಡೆ ಕತ್ತಲೆ. ಇದಕ್ಕೆ ವ್ಯತಿಕರಣವೆಂದು ಹೆಸರು. ಎರಡೇ ಸಂದುಗಳಿದ್ದರೆ ತೆರೆಯ ಮೇಲೆ ಬೆಳಕು ಕತ್ತಲೆಗಳ ಪಟ್ಟೆಗಳು ಮೂಡುತ್ತವೆ.

ಅಲೆಗಳ ಇಂಥ ಕೂಟವನ್ನು ಕೆರೆಯ ನೀರಿನಲ್ಲಿಯೂ ಕಾಣಬಹುದು. ಆದರೆ ಬಿಡಿ ಕಣಗಳೂ ಹೀಗೆಯೇ ನಡೆದುಕೊಂಡರೆ? 1989ರಲ್ಲಿ ಜಪಾನಿನ ತೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳುಹಿಸಿದರು. ಸೂಕ್ಷ್ಮವಾದ ತಂತಿಯೊಂದರ ಎಡಬಲಗಳಲ್ಲಿ ಅವಕ್ಕೆ ಎರಡು ದಾರಿಗಳಿದ್ದವು. ಮೊದಮೊದಲು ಚೆಲ್ಲಿದ ರಾಗಿಕಾಳಿನಂತೆ ಚುಕ್ಕೆಗಳು ಕ್ರಮವಿಲ್ಲದೆ ಬಿದ್ದವು. ಎಣಿಕೆ ಸುಮಾರು 70,000ಕ್ಕೆ ಏರುವ ಹೊತ್ತಿಗೆ ಪಟ್ಟೆಗಳು ಸ್ಪಷ್ಟವಾದವು. ಒಂಟಿಯಾಗಿ ಬಂದ ಕಣವು ಯಾವುದರೊಡನೆ ಕೂಡಿತು? ಎರಡು ದಾರಿಗಳ ಸಾಧ್ಯತೆಗಳೇ ಅಲೆಗಳಂತೆ ಕೂಡುತ್ತವೆ ಎಂಬುದು ಕ್ವಾಂಟಂ ಶಾಸ್ತ್ರದ ಉತ್ತರ.

ಹಾಗಾದರೆ ಪ್ರತಿಯೊಂದು ಕಣವೂ ಯಾವ ದಾರಿ ಹಿಡಿಯಿತೆಂದು ಕಾವಲಿಟ್ಟು ನೋಡೋಣ ಎನ್ನುವಿರಿ. ನೋಡಿದೊಡನೆ ಪಟ್ಟೆಗಳು ಅಳಿಯುತ್ತವೆ! ಮನುಷ್ಯನ ಮನಸ್ಸು ಅರಿತುದರಿಂದಲೇ ಹೀಗಾಯಿತೆಂದು ಕೆಲವರು ಬರೆಯುವುದುಂಟು. ಅದಕ್ಕೆ ಆಧಾರವಿಲ್ಲ. ದಾರಿಯ ಗುರುತು ಎಲ್ಲಿಯಾದರೂ ಉಳಿದರೆ ಸಾಕು. ಅದನ್ನು ಓದುವವರು ಇರಬೇಕೆಂಬ ನಿಯಮವಿಲ್ಲ. 2004ರಲ್ಲಿ ವಿಯೆನ್ನಾ ನಗರದ ವಿಜ್ಞಾನಿಗಳು 70 ಇಂಗಾಲದ ಪರಮಾಣುಗಳುಳ್ಳ ಅಣುಗಳನ್ನು ನಿರ್ವಾತದಲ್ಲಿ ಹಾಯಿಸಿ ಪಟ್ಟೆಗಳನ್ನು ಪಡೆದರು. ಅನಂತರ ಅಂಥವೇ ಅಣುಗಳನ್ನು ಲೇಸರಿನಿಂದ ಕಾಯಿಸಿ ಕಳುಹಿಸಿದರು. ಕಾದ ಕಬ್ಬಿಣದಂತೆ ಕಾದ ಅಣುವೂ ಬೆಳಕನ್ನು ಸೂಸುತ್ತದೆ. ಆ ಬೆಳಕು ಅಣುವಿದ್ದ ಎಡೆಯ ಸುಳಿವನ್ನು ಹೊತ್ತೊಯ್ಯುತ್ತದೆ. ಕಾವು ಏರಿದಂತೆ ಪಟ್ಟೆಗಳು ಮಸುಕಾಗುತ್ತ ಬಂದು ಕೊನೆಗೆ ಕಾಣದಾದವು. ಆ ಬೆಳಕನ್ನು ಹಿಡಿದು ಓದಲು ಅಲ್ಲಿ ಯಾರೂ ಕುಳಿತಿರಲಿಲ್ಲ.

ನೋಡುವಾಗ ಕಣಕ್ಕೆ ಪೆಟ್ಟು ತಗಲುವುದರಿಂದ ಹೀಗಾಗಿರಬಹುದಲ್ಲವೆ? ಒಳ್ಳೆಯ ಸಂದೇಹವೇ. ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಸಂದೇಹಕ್ಕೆ ಹತ್ತಿರವಾದುದು. ಅವರು ಬೆಳಕಿನ ಕಣಗಳಾದ ಫೋಟಾನುಗಳನ್ನು ಒಂದೊಂದಾಗಿ ಕವಲುದಾರಿಗೆ ಬಿಟ್ಟು, ಒಂದು ಕವಲಿಗೆ ತಡೆಯಿಟ್ಟು, ತಡೆಗೆ ತಾಗದೆ ಬಂದ ಫೋಟಾನುಗಳನ್ನು ಮಾತ್ರ ಎಣಿಸಿದರು. ಹಿಂಬಾಗಿಲಿನ ಕಾವಲುಗಾರನ ಕೈಗೆ ಸಿಕ್ಕದೆ ಒಳಗೆ ಬಂದವನು ಮುಂಬಾಗಿಲಿನಿಂದ ಬಂದನೆಂದು ತಿಳಿಯುವಂತೆ, ಮುಟ್ಟದೆಯೇ ದಾರಿಯನ್ನು ತಿಳಿಯುವ ಉಪಾಯವಿದು. ನೋಡುವ ಮೊದಲೇ ಕಣವು ಯಾವುದೋ ಒಂದೇ ಕವಲಿನಲ್ಲಿದ್ದು, ಇಂಥ ಮುಟ್ಟದ ನೋಟವು ಅದನ್ನು ಕದಲಿಸಲಾರದಾದರೆ, ಎಣಿಕೆಗಳು ಒಂದು ಮಿತಿಯೊಳಗೆ ಇರಬೇಕೆಂದು ಲೆಗೆಟ್ ಮತ್ತು ಗರ್ಗ್ ಎಂಬ ವಿಜ್ಞಾನಿಗಳು 1985ರಲ್ಲಿಯೇ ಗಣಿಸಿ ತೋರಿಸಿದ್ದರು. ಬೆಂಗಳೂರಿನ ಎಣಿಕೆ ಆ ಮಿತಿಯನ್ನು ದಾಟಿತು. ಆದುದರಿಂದ ಆ ಎರಡು ಊಹೆಗಳನ್ನೂ ಒಟ್ಟಿಗೆ ಉಳಿಸಿಕೊಳ್ಳುವಂತಿಲ್ಲ. ಕೂಡಿಕೊಂಡಿದ್ದ ಸಾಧ್ಯತೆಗಳಲ್ಲಿ ಒಂದೇ ಒಂದು ಹೇಗೆ ನಿಜವಾಗಿ ನಮಗೆ ದೊರೆಯುತ್ತದೆ ಎಂಬ ಪ್ರಶ್ನೆಯಲ್ಲಿ ವಿಜ್ಞಾನಿಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.